ಅಡ್ಡಹೆಸರಿನ ವಿಷಯ

ರಾಟರ್‌ಡ್ಯಾಮ್, ರವಿವಾರ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರ. ನಾನು ಕ್ಷೇಮ. ಅವ್ವ, ಕಾಕಾ, ದೊಡ್ಡವ್ವ ಎಲ್ಲರಿಗೂ ತಿಳಿಸಿರಿ.

ನಿಮ್ಮ ಪತ್ರ ಮುಟ್ಟಿತು. ನಾನು ಮದುವೆಯಾಗಬೇಕೆಂದಿರುವ ಹುಡುಗಿಯ ಅಡ್ಡಹೆಸರನ್ನು ನನ್ನ ತಮ್ಮ ಮೊಬೈಲಿಗೆ ಹಾಕಿ ‘ಬತ್ತಲೆ ಹುಟ್ಟಿದವನು’ ಅಂತ ಓದಿ ಹೇಳಿದ್ದು, ಅವ್ವ ಎರಡು ದಿನ ಉಣ್ಣದೆ ಬೀಪಿ ಏರಿಸಿಕೊಂಡದ್ದು, ಎಲ್ಲಾ ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ಇಂಥ ಹೆಸರಿನವರನ್ನು ಬೀಗರು ಅಂತ ಮಂದಿ ಮುಂದೆ ಹೇಗೆ ಹೇಳಲಿ ಅಂತ ಕೇಳಿದ್ದೀರಿ.

ಅಪ್ಪಾ, ಮೊಬೈಲು ಹೇಳಿದ್ದು ಡಚ್ ಅರ್ಥ. ನಾಕ್ಟ್‌ಖೆಬೋರೆನ್ ಅನ್ನೋ ಹೆಸರು ಹುಟ್ಟಿದ್ದು ಜರ್ಮನ್ನಿನಲ್ಲಿ. ಹಿಂದೆ ಅಲ್ಲಿಂದ ಇಲ್ಲಿಗೆ ದುಡಿಯಲು ಬಂದವರು ಬಹಳ. ಆ ಭಾಷೆಯಲ್ಲಿ ‘ನಾಖ್’ ಅಂದರೆ ಆಮೇಲೆ, ‘ಗೆಬೋರನ್’ ಅಂದರೆ ಹುಟ್ಟಿದ. ತಂದೆ ತೀರಿಕೊಂಡ ಮೇಲೆ ಹುಟ್ಟಿದ ಕೂಸಿಗೆ ಹೇಳುವ ಮಾತದು. ಇಲ್ಲಿಯವರ ಕಿವಿಗೆ ‘ನಾಖ್’ ತಮ್ಮ ‘ನಾಕ್ಟ್’ ಆಗಿ, ಅಂದರೆ ಬತ್ತಲೆ ಆಗಿ ಬಿತ್ತು. ಹಾಗೇ ಬರೆದುಕೊಂಡರು, ಹಾಗೇ ಉಳಿಯಿತು.

ನಮ್ಮ ಮುತ್ಯಾ ಹೊಟ್ಟೆಯಲ್ಲಿದ್ದಾಗಲೇ ಅವರಪ್ಪ ಹೋದದ್ದು ನೀವೇ ಹೇಳಿದ್ದಿರಿ. ಊರ ಮಂದಿ ಅವರನ್ನು ಏನಂತ ಕರೆಯುತ್ತಿದ್ದರು ಅನ್ನುವಾಗ ನಿಮ್ಮ ದನಿ ಸಣ್ಣದಾಗುತ್ತಿತ್ತು. ಈ ಹುಡುಗಿಯ ಮನೆತನದಲ್ಲೂ ಎಂದೋ ಅಂಥದೊಂದು ಕೂಸು ಇದ್ದಿರಬೇಕು. ಅವ್ವನಿಗೆ ಇದನ್ನು ಮೊದಲು ಹೇಳಿರಿ.

ನೆಪೋಲಿಯನ್ನನ ಕಥೆಯನ್ನೂ ಯಾರಾದರೂ ಹೇಳಿಯಾರು. 1811ರಲ್ಲಿ ಈ ನಾಡು ಅವನ ಕೈಯಲ್ಲಿದ್ದಾಗ ಅವನು ಎಲ್ಲರೂ ಅಡ್ಡಹೆಸರು ಬರೆಸಬೇಕೆಂದು ಹುಕುಂ ಹೊರಡಿಸಿದ್ದು ಖರೆ. ಜನ ಸಿಟ್ಟಿಗೆ ಇಂಥ ಹೆಸರು ಬರೆಸಿದರು ಅನ್ನೋದು ಮಾತ್ರ ಕಟ್ಟುಕಥೆ. ಈ ಹೆಸರು ಅದಕ್ಕಿಂತ ಹಳೆಯದು. ಹುಡುಗಿಯ ಮನೆಯವರು ಅದನ್ನು ಕರೆಗಂಟೆಯ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದಾರೆ, ಮುಚ್ಚಿಟ್ಟಿಲ್ಲ. ನನಗೆ ಅದು ಬಹಳ ಹಿಡಿಸಿತು. ನಮ್ಮ ಕಡೆ ಬಡಿಗೇರ, ಕುಂಬಾರ ಇದ್ದಂತೆ ಇಲ್ಲಿ ಬಾಕರ್ ಅಂದರೆ ರೊಟ್ಟಿ ಸುಡುವವ, ಫಿಸ್ಸರ್ ಅಂದರೆ ಮೀನುಗಾರ. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ ಅಂದರೆ ಏನಂತ ಅವರು ಕೇಳಿದರು, ಹೇಳಿದೆ. ಯಾರೂ ನಗಲಿಲ್ಲ. ಬೆಂಗಳೂರಿನಲ್ಲಿ ಓದುವಾಗ ಎಷ್ಟೋ ಮಂದಿ ನಕ್ಕಿದ್ದರು, ನಿಮಗೆ ಹೇಳಿರಲಿಲ್ಲ.

ಮೊಮ್ಮಕ್ಕಳ ಹೆಸರಿನ ಚಿಂತೆಯೂ ಬೇಡ. ಮದುವೆಯಾದ ಮಾತ್ರಕ್ಕೆ ಇಲ್ಲಿ ಕಾಗದದ ಮೇಲಿನ ಅಡ್ಡಹೆಸರು ಬದಲಾಗೋದಿಲ್ಲ. ಮಕ್ಕಳಿಗೆ ತಂದೆಯದೋ ತಾಯಿಯದೋ ಆರಿಸಿಕೊಳ್ಳಲು 1998ರಿಂದ ಬರುತ್ತದೆ, 2024ರಿಂದ ಎರಡನ್ನೂ ಕೂಡಿಸಿಯೂ ಇಡಬಹುದು. ಉಳ್ಳಾಗಡ್ಡಿ ಎಲ್ಲಿಗೂ ಹೋಗೋದಿಲ್ಲ ಅಪ್ಪಾ.

ನಾನು ಆರಾಮ ಇದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ದಪ್ಪ ಕೋಟು ತಗೊಂಡಿದ್ದೇನೆ, ಕೆಮ್ಮು ಪೂರ್ತಿ ಹೋಗಿದೆ, ಖರೇನೇ ಹೋಗಿದೆ. ಅವ್ವ ಗುಳಿಗೆ ತಪ್ಪಿಸದಂತೆ ನೋಡಿಕೊಳ್ಳಿರಿ. ಬುಧವಾರ ರಾತ್ರಿ ಫೋನ್ ಮಾಡುತ್ತೇನೆ, ಆಗ ಅವ್ವನ ಕೈಗೇ ಕೊಡಿರಿ. ಟ್ರಾಮಿಗೆ ಹೊತ್ತಾಯಿತು, ಮುಗಿಸುತ್ತೇನೆ.

ನಿಮ್ಮ ಮಗ