ಸಿಸೇರಿಯನ್‌ಗೆ ಮುನ್ನ ಅರೆನಿಮಿಷದ ಯೋನಿಮಾರ್ಗ ಶುದ್ಧೀಕರಣ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾವಿಗೀಡಾದ ಬಳಿಕ ರಾಜ್ಯದಲ್ಲಿ ನಡೆದ ಚರ್ಚೆ ಬಹುತೇಕ ಅವರಿಗೆ ಕೊಟ್ಟ ಐವಿ (ರಕ್ತನಾಳಕ್ಕೆ ಹನಿಸುವ) ದ್ರಾವಣದ ಗುಣಮಟ್ಟಕ್ಕೇ ಸೀಮಿತವಾಯಿತು. ಆ ಚರ್ಚೆ ಅಗತ್ಯವಾಗಿತ್ತು, ನಿಜ. ಸಾಮಾನ್ಯವಾಗಿ ಜೀವ ತೆಗೆಯದ, ಆ ಕಾರಣಕ್ಕೇ ಸುದ್ದಿಯಾಗದ ಶಸ್ತ್ರಚಿಕಿತ್ಸೋತ್ತರ ಸೋಂಕಿನ ಬಗ್ಗೆಯೂ ಅಷ್ಟೇ ಗಮನ ಬೇಕೆಂಬುದು ಹೆರಿಗೆ ವಿಭಾಗದಲ್ಲಿ ದೀರ್ಘಕಾಲ ಕೆಲಸ ಮಾಡಿದ ನನ್ನ ಅಭಿಪ್ರಾಯ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಸೇರಿಯನ್, ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.6 ಇತ್ತು. ಸಹಜ ಹೆರಿಗೆಗಿಂತ ಸಿಸೇರಿಯನ್‌ನಲ್ಲಿ ಸೋಂಕಿನ ಸಾಧ್ಯತೆ ಹಲವು ಪಟ್ಟು ಹೆಚ್ಚು. ಹೊಟ್ಟೆಯ ಚರ್ಮವನ್ನು ಎಷ್ಟೇ ಚೆನ್ನಾಗಿ ಒರೆಸಿದರೂ ರೋಗಾಣುಗಳಿಗೆ ಇನ್ನೊಂದು ದಾರಿ ತೆರೆದೇ ಇರುತ್ತದೆ. ನೋವು ಶುರುವಾಗಿ, ನೀರು ಒಡೆದು, ಮೇಲಿಂದ ಮೇಲೆ ಒಳಪರೀಕ್ಷೆಯಾದ ಗರ್ಭಿಣಿಯಲ್ಲಿ ಯೋನಿಮಾರ್ಗದ ರೋಗಾಣುಗಳು ಗರ್ಭಕೋಶಕ್ಕೆ ಏರಿ, ಅದರ ಒಳಪೊರೆಗೆ ಸೋಂಕು ತಗುಲಿಸಬಹುದು. ಜ್ವರ, ಕಿಬ್ಬೊಟ್ಟೆ ನೋವು, ವಾಸನೆಯ ಸ್ರಾವ ಇದರ ಲಕ್ಷಣಗಳು.

ಇದನ್ನು ತಡೆಯುವ ಕ್ರಮ ತೀರಾ ಸರಳವಾದದ್ದು: ಶಸ್ತ್ರಚಿಕಿತ್ಸೆಗೆ ತುಸು ಮೊದಲು, ಮೂತ್ರದ ಕೊಳವೆ ಹಾಕುವ ಹೊತ್ತಿಗೆ, ಪೊವಿಡೋನ್ ಅಯೋಡಿನ್ ಎಂಬ ರೋಗಾಣುನಾಶಕ ದ್ರಾವಣದಲ್ಲಿ ಅದ್ದಿದ ಶುದ್ಧ ಗಾಜ್ ಬಟ್ಟೆಯಿಂದ ಯೋನಿಮಾರ್ಗವನ್ನು ಅರೆನಿಮಿಷ ಒರೆಸುವುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2015ರಲ್ಲೇ ಶಿಫಾರಸು ಮಾಡಿದೆ. 6,900ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 20 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಜಾಲದ 2020ರ ವಿಮರ್ಶೆಯಲ್ಲಿ, ಹೀಗೆ ಶುದ್ಧಗೊಳಿಸಿದವರಲ್ಲಿ ಗರ್ಭಕೋಶದ ಒಳಪೊರೆಯ ಸೋಂಕಿನ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿದದ್ದು ಕಂಡುಬಂದಿದೆ. ಅಯೋಡಿನ್ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಚರ್ಮಕ್ಕೆ ಹಚ್ಚುವ ಆಲ್ಕೋಹಾಲ್ ಪ್ರಮಾಣ ಹೆಚ್ಚಿರುವ ದ್ರಾವಣವನ್ನು ಅಪ್ಪಿತಪ್ಪಿಯೂ ಇಲ್ಲಿ ಬಳಸಬಾರದು.

ಖರ್ಚು ಇದಕ್ಕೆ ಅಡ್ಡಿಯಲ್ಲ, ಏಕೆಂದರೆ ಪೊವಿಡೋನ್ ಅಯೋಡಿನ್ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ನಿತ್ಯ ಬಳಕೆಯ ವಸ್ತು. ನಾನು ಕಂಡಂತೆ ತೊಡಕಿರುವುದು ಇದು ಯಾರ ಕೆಲಸ ಎಂಬುದರಲ್ಲಿ. ತುರ್ತು ಸಿಸೇರಿಯನ್ ನಿರ್ಧಾರವಾದಾಗ ಹೆರಿಗೆ ಕೊಠಡಿಯ ಸಿಬ್ಬಂದಿ ಇದು ಆಪರೇಷನ್ ಥಿಯೇಟರ್‌ನವರ ಹೊಣೆ ಎಂದುಕೊಳ್ಳುತ್ತಾರೆ, ಅಲ್ಲಿನವರು ವಾರ್ಡಿನಲ್ಲೇ ಮುಗಿದಿರಬೇಕು ಎಂದು ಭಾವಿಸುತ್ತಾರೆ. ಇನ್ನು ಕೆಲವೆಡೆ, ಹೇಗೂ ಆ್ಯಂಟಿಬಯೋಟಿಕ್ ಕೊಡುತ್ತೇವಲ್ಲ ಎಂಬ ಸಮಾಧಾನವಿದೆ. ಹೊಟ್ಟೆ ಕೊಯ್ಯುವುದಕ್ಕೆ ಮೊದಲಿನ ಒಂದು ತಾಸಿನೊಳಗೆ ಕೊಡುವ ಆ್ಯಂಟಿಬಯೋಟಿಕ್ ಖಂಡಿತ ಬೇಕು, ಆದರೆ ಅದು ಶುದ್ಧೀಕರಣಕ್ಕೆ ಬದಲಿಯಲ್ಲ. ಸೋಂಕಿನ ಲಕ್ಷಣವೇ ಇಲ್ಲದವರಿಗೂ ದಿನಗಟ್ಟಲೆ ಅದನ್ನೇ ಮುಂದುವರಿಸುವ ರೂಢಿಯಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತವೆಯಷ್ಟೇ.

ಹೊಲಿಗೆ ಕೀವಾದರೆ ನಂಜಿನ ಪದಾರ್ಥ ತಿಂದಳೆಂದು ಬಾಣಂತಿಯನ್ನೇ ದೂರಿ, ಅವಳ ತಟ್ಟೆಯಿಂದ ಬದನೆಕಾಯಿ, ಆಲೂಗಡ್ಡೆ ತೆಗೆದಿಡುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಸೋಂಕಿನ ಬೀಜ ಅವಳು ಮನೆಗೆ ಬರುವ ಮೊದಲೇ ಬಿದ್ದಿರಬಹುದೆಂದು ಯಾರೂ ಅವರಿಗೆ ತಿಳಿಸಿ ಹೇಳಿರುವುದಿಲ್ಲ.

ಆದ್ದರಿಂದ ಆರೋಗ್ಯ ಇಲಾಖೆಯು ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡರಲ್ಲೂ ಶಸ್ತ್ರಚಿಕಿತ್ಸಾಪೂರ್ವ ತಪಾಸಣಾ ಪಟ್ಟಿಗೆ ಈ ಅಂಶವನ್ನು ಸೇರಿಸಿ, ಅದನ್ನು ಮಾಡಿದವರು ಸಹಿ ಹಾಕುವಂತೆ ಸೂಚಿಸಬೇಕು. ಹೆರಿಗೆ ಕೊಠಡಿ ಮತ್ತು ಪ್ರಸೂತಿ ಶಸ್ತ್ರಚಿಕಿತ್ಸಾ ಕೊಠಡಿಗಳ ಗುಣಮಟ್ಟಕ್ಕೆಂದೇ 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಲಕ್ಷ್ಯ ಕಾರ್ಯಕ್ರಮದ ಪರಿಶೀಲನೆಯಲ್ಲಿ ಈ ದಾಖಲೆಯನ್ನೂ ನೋಡಬಹುದು. ಹಲವು ಸೋಂಕುಗಳು ಡಿಸ್ಚಾರ್ಜ್ ಆದ ಮೇಲೆ ಕಾಣಿಸಿಕೊಳ್ಳುವುದರಿಂದ, ಮನೆ ಭೇಟಿಗೆ ಹೋಗುವ ಆಶಾ ಕಾರ್ಯಕರ್ತೆಯರು ಜ್ವರ, ಕೀವು ಇರುವ ಬಾಣಂತಿಯರ ಮಾಹಿತಿಯನ್ನು ಹೆರಿಗೆಯಾದ ಆಸ್ಪತ್ರೆಗೇ ಮರಳಿ ತಲುಪಿಸುವ ವ್ಯವಸ್ಥೆಯೂ ಆಗಬೇಕು. ಅದಿಲ್ಲದೆ ತನ್ನಲ್ಲಿ ಸೋಂಕಿನ ಪ್ರಮಾಣ ಎಷ್ಟೆಂದು ಯಾವ ಆಸ್ಪತ್ರೆಯೂ ಖಚಿತವಾಗಿ ಹೇಳಲಾರದು.

– ನಿವೃತ್ತ ಶುಶ್ರೂಷಾಧಿಕಾರಿ, ಶಿವಮೊಗ್ಗ