ಹಡರ್ಸ್‌ಫೀಲ್ಡಿನ ಕೂಸುಗಳ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಮೊದಲ ಅಧ್ಯಾಯ ಓದಿದೆ. ಭಾಷೆ ನಿನ್ನ ಕೈಗೆ ಹತ್ತಿದೆ, ಅದನ್ನು ಹೊಗಳುತ್ತ ಕೂರುವುದಿಲ್ಲ. ಈಗ ನೀನು ಬಾಡಿಗೆಗಿರುವ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನಲ್ಲಿ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಹಸುಗೂಸುಗಳು ಯಾಕೆ ಅಷ್ಟೊಂದು ಸಾಯುತ್ತಿದ್ದವು ಎಂಬುದನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀಯ. ಆಗಬೇಕಾದ ಕೆಲಸವೇ. ಆದರೆ ಈ ಅಧ್ಯಾಯದುದ್ದಕ್ಕೂ ತಾಯಂದಿರು ಅಳುವುದೇ ಆಯಿತು. ಮೂರನೇ ತಾಯಿ ಅಳುವ ಹೊತ್ತಿಗೆ ಓದುಗ ಪುಟ ಮಗುಚುತ್ತಾನೆ. ಅವರು ಅಳಲಿಲ್ಲ ಎನ್ನುತ್ತಿಲ್ಲ ನಾನು. ಅಳುವಿಗೆ ಮುಂಚೆ ಏನೇನು ನಡೆಯಿತು, ಹಾಲು ಎಲ್ಲಿಂದ ಬಂತು, ಯಾವುದರಲ್ಲಿ ಕುಡಿಸಿದರು, ಕಕ್ಕಸು ಅಡುಗೆಮನೆಗೆ ಎಷ್ಟು ಹತ್ತಿರ, ಸತ್ತದ್ದನ್ನು ಯಾರು ಯಾವ ಕಾಲಂನಲ್ಲಿ ಬರೆದುಕೊಂಡರು, ಅದನ್ನು ಬರಿ. ಅಳುವ ಕೆಲಸ ಓದುಗನಿಗೆ ಬಿಡು.

‘ಅಶುದ್ಧ ಹಾಲು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಆ ಕಾಲದ ಹಾಲಿನ ಸೀಸೆ ಅಲ್ಲಿನ ಯಾವುದಾದರೂ ಮ್ಯೂಸಿಯಮ್ಮಿನಲ್ಲಿ ಸಿಕ್ಕೀತು, ಹೋಗಿ ನೋಡು. ಚಪ್ಪಟೆ ಗಾಜಿನ ಸೀಸೆ, ಬಾಯಿಗೊಂದು ಬಿರಡೆ, ಬಿರಡೆಯಿಂದ ಹೊರಟ ಉದ್ದನೆಯ ರಬ್ಬರ್ ನಳಿಗೆ, ಅದರ ತುದಿಗೆ ತೊಟ್ಟು. ಸೀಸೆಯನ್ನು ಕೂಸಿನ ಮಗ್ಗುಲಿಗಿಟ್ಟರೆ ಸಾಕು, ಯಾರೂ ಹಿಡಿದು ಕೂರಬೇಕಿಲ್ಲ. ಅದು ತಾನೇ ಚೀಪುತ್ತ ಮಲಗುತ್ತದೆ. ಮೂರು ಮಕ್ಕಳನ್ನು ಕಟ್ಟಿಕೊಂಡು ಬಟ್ಟೆ ಒಗೆದು, ನೀರು ಹೊತ್ತು, ಗಂಡ ಗಿರಣಿಯಿಂದ ಬರುವುದರೊಳಗೆ ಅಡುಗೆ ಮಾಡಬೇಕಾದವಳಿಗೆ ಅದು ಎಂಥ ಉಪಕಾರ ಎನ್ನುವುದನ್ನು ಮೊದಲು ಬರಿ. ಆಮೇಲೆ ನಳಿಗೆಯ ಒಳಮೈಗೆ ಬಾ. ಅಲ್ಲಿಗೆ ಕುಂಚ ಹೋಗುವುದಿಲ್ಲ. ನಿನ್ನೆಯ ಹಾಲು ಹುಳಿತು ಗೋಡೆಗೆ ಹತ್ತಿರುತ್ತದೆ, ಇವತ್ತಿನ ಹಾಲು ಅದರ ಮೇಲೆಯೇ ಹರಿದು ಬರುತ್ತದೆ. ತಾಜಾ ಹಾಲು ಕೊಳ್ಳಲಾಗದ ಮನೆಗಳಲ್ಲಿ ಕೆನೆ ತೆಗೆದ, ಸಕ್ಕರೆ ಸುರಿದ ಡಬ್ಬಿ ಹಾಲು. ಕೊಬ್ಬೇ ಇಲ್ಲದ ಆ ಹಾಲು ಕುಡಿದು ಕೂಸು ಉಬ್ಬಿಕೊಂಡು ಚೆನ್ನಾಗಿಯೇ ಕಾಣುತ್ತಿತ್ತು. ತೆರೆದಿಟ್ಟ ಡಬ್ಬಿಯ ಅಂಚಿಗೆ ನೊಣ.

ಈ ನೊಣ ನಿನ್ನ ಬರಹದಲ್ಲಿ ಬರಲೇ ಇಲ್ಲ! ಬೀದಿ ತುಂಬ ಕುದುರೆ ಗಾಡಿಗಳಿದ್ದ ಕಾಲ. ಲಾಯದ ಲದ್ದಿ, ಹಿತ್ತಲಿನ ತಿಪ್ಪೆ ಕಕ್ಕಸು, ಕಸದ ಗುಂಡಿ, ಎಲ್ಲ ಮನೆಗೆ ಅಂಟಿಕೊಂಡೇ ಇದ್ದವು. ಬೇಸಿಗೆ ಕಾವೇರಿದಂತೆ ಕೂಸುಗಳಿಗೆ ವಾಂತಿಭೇದಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಾವು ಏರುತ್ತಿತ್ತು. ಎಡ್ವರ್ಡ್ ಬ್ಯಾಲರ್ಡ್ ಎಂಬ ವೈದ್ಯ ನೆಲದೊಳಗೆ ನಾಲ್ಕು ಅಡಿ ಆಳದಲ್ಲಿ ಥರ್ಮಾಮೀಟರ್ ಹೂತು, ಅಲ್ಲಿ 56 ಡಿಗ್ರಿ ಫ್ಯಾರನ್‌ಹೀಟ್ ಆದ ಮೇಲೆ ಸಾವು ಏರುತ್ತದೆ ಎಂದು 1889ರಲ್ಲಿ ಬರೆದ. ರೋಗ ಮಣ್ಣಿನಿಂದಲೇ ಏಳುತ್ತದೆ ಎಂದು ಅವನ ಲೆಕ್ಕ. ಆಮೇಲೆ ಮ್ಯಾಂಚೆಸ್ಟರಿನ ಆರೋಗ್ಯಾಧಿಕಾರಿ ಜೇಮ್ಸ್ ನಿವೆನ್ ಬಲೆಯೊಡ್ಡಿ ನೊಣ ಹಿಡಿಸಿ ಎಣಿಸಿದ, ನೊಣದ ಲೆಕ್ಕವನ್ನು ಭೇದಿಯ ಲೆಕ್ಕದ ಪಕ್ಕಕ್ಕಿಟ್ಟು ನೋಡಿದ. ಓದುಗನಿಗೆ ಬೇಕಾದದ್ದು ಇಂಥದು. ಒಬ್ಬ ಮಣ್ಣಿಗೆ ಜ್ವರ ನೋಡಿದ, ಇನ್ನೊಬ್ಬ ನೊಣ ಎಣಿಸಿದ. ಇದರ ಮುಂದೆ ನಿನ್ನ ‘ಮುಗಿಲು ಮುಟ್ಟಿದ ಆಕ್ರಂದನ’ ಎಲ್ಲಿ ನಿಲ್ಲುತ್ತದೆ ಹೇಳು.

ಹವೆಯನ್ನೇ ಪಾತ್ರ ಮಾಡಬಹುದು ನೀನು. 1911ರ ಬೇಸಿಗೆ ಉರಿಬಿಸಿಲಿನದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 130 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಹೋದವು. ಮರುವರ್ಷ ಮಳೆ ಬಿಡಲಿಲ್ಲ, ಲೆಕ್ಕ 95ಕ್ಕಿಳಿಯಿತು. ಒಂದೇ ವರ್ಷದಲ್ಲಿ ಬಡತನ ಹೋಗಲಿಲ್ಲ, ತಾಯಂದಿರು ದಿಢೀರನೆ ಜಾಣರಾಗಲಿಲ್ಲ. ಹಾಗೆಂದು ಎಲ್ಲವೂ ಹವೆಯ ಆಟವೂ ಅಲ್ಲ. 1899ರಲ್ಲಿ ಅದೇ ಲೆಕ್ಕ 163 ಇತ್ತು. ಏರಿಳಿತದ ನಡುವೆ ನಿಜವಾಗಿ ಇಳಿದದ್ದೆಷ್ಟು ಎಂದು ತಾಳ್ಮೆಯಿಂದ ತೋರಿಸು. ಸಣ್ಣ ಊರಿನ ಅಂಕಿಯಾದರೆ ಇನ್ನೂ ಹುಷಾರು. ವರ್ಷಕ್ಕೆ 200 ಹೆರಿಗೆಯಾಗುವ ಅರ್ಬನ್ ಡಿಸ್ಟ್ರಿಕ್ಟಿನಲ್ಲಿ, ಅಂದರೆ ಸಣ್ಣ ಪಟ್ಟಣದ ಆಡಳಿತ ವಲಯದಲ್ಲಿ, ಒಂದು ಕೂಸು ಹೆಚ್ಚಿಗೆ ಸತ್ತರೆ ಸಾವಿರದ ಲೆಕ್ಕಕ್ಕೆ 5 ಕೂಡಿತು. ಎರಡು ಮನೆಯ ದುರದೃಷ್ಟವನ್ನು ನೀನು ‘ಗಣನೀಯ ಏರಿಕೆ’ ಎಂದು ಬರೆದುಬಿಡುತ್ತೀಯ.

ಆರೋಗ್ಯಾಧಿಕಾರಿಗಳ ವಾರ್ಷಿಕ ವರದಿಗಳನ್ನು ಓದಿದ್ದೇನೆ ಅಂದಿದ್ದೀಯ. ಮುನ್ನುಡಿ ಓದಿದ್ದೀಯ ಅನಿಸುತ್ತದೆ, ಪಟ್ಟಿ ಓದಿಲ್ಲ. ಕೂಸುಗಳ ಸಾವನ್ನು ವಾರವಾರವಾಗಿ, ತಿಂಗಳಾಗಿ ಬಿಡಿಸಿಟ್ಟ ಪಟ್ಟಿಯೊಂದಿರುತ್ತದೆ. ಮೇಲ್ಗಡೆ ವಯಸ್ಸು, ಎಡಗಡೆ ಕಾರಣ. ಒಂದೊಂದೇ ಸಾಲಿಗೆ ಬೆರಳಿಟ್ಟು ಹೋಗು. ಅವಧಿಗೆ ಮುಂಚಿನ ಹೆರಿಗೆ, ಹುಟ್ಟಿನಿಂದಲೇ ದೌರ್ಬಲ್ಯ ಎಂಬ ಸಾಲುಗಳಲ್ಲಿ ಅಂಕಿಗಳೆಲ್ಲ ಮೊದಲ ವಾರಗಳಲ್ಲೇ ಗುಂಪುಗಟ್ಟಿರುತ್ತವೆ. ಭೇದಿಯ ಸಾಲು ಶುರುವಿನಲ್ಲಿ ಹೆಚ್ಚುಕಡಿಮೆ ಖಾಲಿ, ಮೊಲೆಹಾಲು ನಿಂತು ಸೀಸೆ ಬರುವ ತಿಂಗಳುಗಳಲ್ಲಿ ತುಂಬುತ್ತದೆ. ದಡಾರ, ನಾಯಿಕೆಮ್ಮು ಕೂಸಿನ ಮೊದಲ ವರ್ಷದ ಕೊನೆಯ ಕಡೆಗೆ ಬರುತ್ತವೆ, ಶಾಲೆಗೆ ಹೋಗುವ ಅಣ್ಣ ಅಕ್ಕಂದಿರು ಮನೆಗೆ ತಂದದ್ದು. ಬಾಣಂತಿಯ ಮೈಯ ಕಥೆ, ಅಡುಗೆಮನೆಯ ಕಥೆ, ಶಾಲೆಯ ಕಥೆ, ಮೂರೂ ಒಂದೇ ಹಾಳೆಯ ಮೇಲಿವೆ. ‘ಸೆಟೆತ’ (ಫಿಟ್ಸ್) ಅಂತ ಬರೆದ ಸಾಲನ್ನು ಮಾತ್ರ ನಂಬಬೇಡ. ಅದು ಸಾಯುವ ಹೊತ್ತಿಗೆ ಕಂಡದ್ದು, ಸಾವಿನ ಕಾರಣವಲ್ಲ.

ಪಟ್ಟಿಯಲ್ಲಿ ಇಲ್ಲದ್ದನ್ನೂ ಹುಡುಕು. ಸತ್ತೇ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನಲ್ಲಿ 1927ರವರೆಗೆ ನೋಂದಾಯಿಸುತ್ತಲೇ ಇರಲಿಲ್ಲ. ಸೋಂಕುರೋಗ ಬಂದರೆ ವೈದ್ಯ ತಿಳಿಸಲೇಬೇಕು ಎಂಬ ಕಾನೂನು 1889ರಲ್ಲಿ ಬಂತು, ಹತ್ತು ವರ್ಷದ ಮೇಲೆ ಎಲ್ಲ ಕಡೆ ಕಡ್ಡಾಯವಾಯಿತು. ಸಿಡುಬು, ಗಂಟಲಮಾರಿ, ಮೈಮೇಲೆ ಕೆಂಪು ದದ್ದು ಏಳುವ ಸ್ಕಾರ್ಲೆಟ್ ಜ್ವರ, ಟೈಫಾಯ್ಡ್ ಆ ಯಾದಿಯಲ್ಲಿದ್ದವು; ದಡಾರ, ನಾಯಿಕೆಮ್ಮು ಇರಲಿಲ್ಲ. ಸ್ಕಾರ್ಲೆಟ್ ಜ್ವರಕ್ಕಿಂತ ಹೆಚ್ಚು ಮಕ್ಕಳನ್ನು ಕೊಂದದ್ದು ಇವೆರಡೇ. ಸ್ಕಾರ್ಲೆಟ್ ಜ್ವರ ಬಂದ ಮಗುವನ್ನು ಗಾಡಿಯಲ್ಲಿ ಪ್ರತ್ಯೇಕ ಆಸ್ಪತ್ರೆಗೆ ಸಾಗಿಸಿ ಮನೆಗೆ ಗಂಧಕದ ಹೊಗೆ ಹಾಕುತ್ತಿದ್ದರು. ದಡಾರ ಬಂದರೆ ನೆರೆಯವರು ‘ಎಲ್ಲ ಮಕ್ಕಳಿಗೂ ಬರುವುದೇ’ ಅನ್ನುತ್ತಿದ್ದರು. ಈ ವ್ಯತ್ಯಾಸ ನಿನ್ನ ಎರಡನೇ ಅಧ್ಯಾಯಕ್ಕೆ ಸಾಕು.

ಇನ್ನು ವರದಿ ಬರೆದವನ ದನಿ. ಅವನು ಓದಿದವನು, ಕಳಕಳಿಯಿದ್ದವನು, ಹೆಚ್ಚಿನಂಶ ಗಂಡಸು. ಪುಟ ಪುಟಕ್ಕೂ ತಾಯಿಯ ಅಜ್ಞಾನ ಎನ್ನುತ್ತಾನೆ. ಲಂಡನ್ನಿನ ಫಿನ್ಸ್‌ಬರಿಯ ಆರೋಗ್ಯಾಧಿಕಾರಿ ಜಾರ್ಜ್ ನ್ಯೂಮನ್ 1906ರಲ್ಲಿ ಕೂಸುಗಳ ಸಾವು ಮುಖ್ಯವಾಗಿ ತಾಯ್ತನದ ಸಮಸ್ಯೆ ಎಂದೇ ವಾದಿಸಿದ. ನೀನೂ ಅದೇ ದನಿಯಲ್ಲಿ ಬರೆದಿದ್ದೀಯ, ಗಮನಿಸಿದೆಯಾ? ಹೆಂಗಸರು ಗಿರಣಿಗೆ ಹೋದದ್ದರಿಂದ ಕೂಸುಗಳು ಸತ್ತವು ಎಂದು ಸಚಿವರವರೆಗೆ ಎಲ್ಲರೂ ಅಂದರು. ಹಾಗಿದ್ದರೆ ಡರಮ್, ಸೌತ್ ವೇಲ್ಸ್‌ನ ಗಣಿ ಊರುಗಳಲ್ಲಿ, ಹೆಂಗಸರು ಕೂಲಿಗೆ ಹೋಗುವುದೇ ಅಪರೂಪವಾಗಿದ್ದ ಕಡೆ, ಸಾವು ಯಾಕೆ ಅಷ್ಟಿತ್ತು? ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಕಿಕ್ಕಿರಿದ ಕೋಣೆಗಳಲ್ಲಿದ್ದ ವಲಸೆ ಯಹೂದಿ ಕುಟುಂಬಗಳ ಕೂಸುಗಳು ನೆರೆಯವರ ಕೂಸುಗಳಿಗಿಂತ ಹೆಚ್ಚು ಬದುಕಿದ್ದು ಹೇಗೆ? ಅವರು ಬಹುಕಾಲ ಮೊಲೆಯೂಡಿಸುತ್ತಿದ್ದರು, ಅದೊಂದು ಕಾರಣ. ಪೂರ್ತಿ ಉತ್ತರವಲ್ಲ. ಬಡತನ ಅಥವಾ ಅಜ್ಞಾನ ಎಂದು ಎರಡರಲ್ಲೊಂದನ್ನು ಆರಿಸಿಕೊಳ್ಳುವ ಆತುರ ನಿನಗೆ ಬೇಡ.

ಬೆಂಜಮಿನ್ ಬ್ರಾಡ್‌ಬೆಂಟ್‌ನನ್ನು ನೀನು ದೇವರು ಮಾಡಿಬಿಟ್ಟಿದ್ದೀಯ. 1904ರ ನವೆಂಬರ್‌ನಲ್ಲಿ ಹಡರ್ಸ್‌ಫೀಲ್ಡಿನ ಮೇಯರ್ ಆದ ಈ ಮನುಷ್ಯ, ತಾನಿದ್ದ ಲಾಂಗ್‌ವುಡ್ ಭಾಗದಲ್ಲಿ ತನ್ನ ಅಧಿಕಾರದ ವರ್ಷ ಹುಟ್ಟಿದ ಕೂಸು ವರ್ಷ ತುಂಬಿದರೆ ಒಂದು ಪೌಂಡ್ ಕೊಡುತ್ತೇನೆಂದು ಕಾರ್ಡಿನಲ್ಲಿ ಬರೆದುಕೊಟ್ಟ. ಕಥೆ ಚಂದವಿದೆ, ಅದಕ್ಕೇ ಎಚ್ಚರ. ಆ ಪೌಂಡು ಗೋಡೆಗೆ ಹಾಕಿದ ಜಾಹೀರಾತು ಅಷ್ಟೆ. ಹಿಂದೆ ನಡೆದ ಕೆಲಸ ಬೇರೆ. ಹುಟ್ಟಿದ್ದನ್ನು ಬೇಗ ತಿಳಿಸಿದವರಿಗೆ ಊರಾಡಳಿತ ಒಂದು ಶಿಲಿಂಗ್ ಕೊಡುತ್ತಿತ್ತು. ಆರೋಗ್ಯಾಧಿಕಾರಿ ಮೂರ್‌ನ ಕೈಕೆಳಗಿನ ಇಬ್ಬರು ಮಹಿಳಾ ವೈದ್ಯರು ಬಾಣಂತಿಯರ ಮನೆಗೆ ಹೋಗುತ್ತಿದ್ದರು. 1906ರಲ್ಲಿ ಹಡರ್ಸ್‌ಫೀಲ್ಡಿಗೇ ಒಂದು ಕಾನೂನು ಮಾಡಿಸಿಕೊಂಡು ತಿಳಿಸುವುದನ್ನು ಕಡ್ಡಾಯ ಮಾಡಿದರು. ಮರುವರ್ಷ ದೇಶಕ್ಕೇ ಒಂದು ಕಾನೂನು ಬಂತು, 36 ಗಂಟೆಯೊಳಗೆ ತಿಳಿಸಬೇಕೆಂದು, ಆದರೆ ಬೇಕೆನ್ನುವ ಊರುಗಳಿಗೆ ಮಾತ್ರ. ಎಲ್ಲರಿಗೂ ಆದದ್ದು 1915ರಲ್ಲಿ. ಬಾಗಿಲು ತಟ್ಟಿದ ಆ ಇಬ್ಬರು ವೈದ್ಯರನ್ನು ನೀನು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀಯ. ಬಾಗಿಲು ತೆರೆದವಳಿಗೆ ಅದು ನೆರವು ಅನಿಸಿತೋ ತಪಾಸಣೆ ಅನಿಸಿತೋ, ಕೇಳಿಕೊ.

1898ರ ಬೆಂಗಳೂರಿನ ಪ್ಲೇಗಿನ ಪ್ಯಾರಾ ತೆಗೆದುಬಿಡು. ಕನ್ನಡದ ಓದುಗನಿಗೆ ಹತ್ತಿರವಾಗಲಿ ಎಂದು ಸೇರಿಸಿದ್ದೀಯ, ಗೊತ್ತು. ಪ್ಲೇಗ್ ಬಂದರೆ ಊರೇ ಗುಡಾರ ಹಾಕಿಕೊಂಡು ಹೊರಗೆ ಓಡುತ್ತದೆ. ಕೂಸಿನ ಭೇದಿಗೆ ಯಾರೂ ಊರು ಬಿಡಲಿಲ್ಲ, ಅದು ಪ್ರತಿ ವರ್ಷದ ಮಾತಾಗಿತ್ತು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಎರಡೂ ಕೆಡುತ್ತವೆ.

ತಾಯಂದಿರ ದನಿ ಎಲ್ಲಿ ಸಿಗುತ್ತದೆ ಎಂದು ನೀನು ಕೇಳಿದ್ದೆ. ವಿಮೆನ್ಸ್ ಕೋಆಪರೇಟಿವ್ ಗಿಲ್ಡ್ ಎಂಬ ಹೆಂಗಸರ ಸಂಘ ತನ್ನ ಸದಸ್ಯೆಯರಿಂದ ಬರೆಸಿಕೊಂಡ 160 ಪತ್ರಗಳನ್ನು 1915ರಲ್ಲಿ ಪ್ರಕಟಿಸಿತು. ಕಾರ್ಮಿಕರ ಹೆಂಡಂದಿರು ತಮ್ಮ ಬಸಿರು, ಹೆರಿಗೆ, ಕಳಕೊಂಡ ಕೂಸುಗಳ ಬಗ್ಗೆ ತಾವೇ ಬರೆದದ್ದು. ವಾರಕ್ಕೆ ಮನೆಗೆ ಬರುತ್ತಿದ್ದದ್ದೆಷ್ಟು ಎನ್ನುವುದೂ ಅದರಲ್ಲಿದೆ. ವರದಿ ಬದಿಗಿಟ್ಟು ಅದನ್ನು ಓದು. ಸತ್ತರೆ ಮಣ್ಣು ಮಾಡಲಿಕ್ಕೆಂದು ಕೂಸಿನ ಹೆಸರಲ್ಲಿ ವಾರಕ್ಕೊಂದು ಪೆನ್ನಿ ವಿಮೆ ಕಟ್ಟುತ್ತಿದ್ದವರು ಇಂಥವರೇ. ಹೊಟ್ಟೆಗಿಲ್ಲದವರಿಗೆ ಇದ್ಯಾಕೆ ಎಂದು ಹೊರಗಿನವರು ಬೈಯುತ್ತಿದ್ದರು. ಧರ್ಮದ ಗುಂಡಿಯಲ್ಲಿ ಮಗುವನ್ನು ಹೂಳುವ ಅವಮಾನ ಬೈದವರಿಗೆ ಗೊತ್ತಿರಲಿಲ್ಲ.

ಅಧ್ಯಾಯವನ್ನು ಒಂದೇ ಮನೆಗೆ, ಒಂದೇ ಬೇಸಿಗೆಗೆ ಇಳಿಸಿ ತಿರುಗಿ ಬರಿ. ಕೂಲಿ, ಬಾಡಿಗೆ, ಕಲ್ಲಿದ್ದಲು, ಹಾಲು, ಆ ಪೆನ್ನಿ, ಇಷ್ಟರ ಲೆಕ್ಕ ಹಾಕಿ ಕಳಿಸು, ಕಥೆ ಆಮೇಲೆ ನೋಡೋಣ. ಮುಂದಿನ ಸಲ ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕಣ್ಣು ಮೊದಲಿನಂತಿಲ್ಲ.

ನಿನ್ನ
ಅಣ್ಣ