ಹೆನ್ರಿಯ ಹದಿನೇಳು ಕಾಗದ ಕನ್ನಡಕ್ಕೆ ತರುವ ಮುನ್ನ

ಚಿರಂಜೀವಿ ಪುಟ್ಟಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀನು ಕಳಿಸಿದ ನಾಲ್ಕು ಕಾಗದಗಳ ಅನುವಾದ ಎರಡು ಸಲ ಓದಿದೆ. ಭಾಷೆ ಹದವಾಗಿದೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನ್ನ ತಕರಾರು ಕಾಗದಗಳ ನಡುವೆ ನೀನು ಹೆಣೆದಿರುವ ಮಾತುಗಳ ಮೇಲೆ. ಒಂದು ಕಡೆ ಆ್ಯನ್ ಬೊಲಿನ್ ‘ನಾಚಿ ಹಿಂದೆ ಸರಿದಳು’ ಅಂದಿದ್ದೀಯ, ಎರಡು ಪುಟ ದಾಟಿದರೆ ‘ಲೆಕ್ಕ ಹಾಕಿ ಬಲೆ ಬೀಸಿದಳು’ ಅಂದಿದ್ದೀಯ. ಎರಡಕ್ಕೂ ನಿನ್ನ ಹತ್ತಿರ ಆಧಾರವಿಲ್ಲ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ, ತಾನು ಆಮೇಲೆ ಮದುವೆಯಾದ ಆಕೆಗೆ ಬರೆದ ಕಾಗದಗಳಲ್ಲಿ ಹದಿನೇಳು ಉಳಿದಿವೆ, ಒಂಬತ್ತು ಫ್ರೆಂಚಿನಲ್ಲಿ, ಎಂಟು ಇಂಗ್ಲಿಷಿನಲ್ಲಿ. ಅವಕ್ಕೆ ಆಕೆ ಬರೆದ ಉತ್ತರ ಒಂದೂ ಉಳಿದಿಲ್ಲ. ಆಕೆಯದೆಂದು ಓಡಾಡುವ ಒಂದು ಪ್ರೇಮಪತ್ರ ಗ್ರೆಗೋರಿಯೋ ಲೇತಿ ಎಂಬ 17ನೇ ಶತಮಾನದ ಇಟಲಿಯವನ ಪುಸ್ತಕದಿಂದ ಬಂದದ್ದು, ಅದರ ಮೂಲಪ್ರತಿ ಕಂಡವರಿಲ್ಲ. ಅದನ್ನು ಮುಟ್ಟಲೇಬೇಡ.

ಪಕ್ಕದಲ್ಲಿ ಕೂತವರು ಫೋನಿನಲ್ಲಿ ಮಾತಾಡುವಾಗ ನಮಗೆ ಒಂದೇ ಬದಿ ಕೇಳಿಸುತ್ತದಲ್ಲ, ಇದೂ ಹಾಗೆಯೇ. ಆ ಕಡೆಯವರು ಏನಂದರು ಅನ್ನುವುದನ್ನು ಈ ಕಡೆಯವರ ಮಾತಿನಿಂದ ಹಿಡಿಯಬೇಕು. ಪ್ರತಿ ಕಾಗದಕ್ಕೂ ಮೊದಲು ಒಂದು ಚೀಟಿ ಮಾಡಿಕೊ. ಅದರಲ್ಲಿ ಅವನು ಯಾವುದಕ್ಕೆ ಉತ್ತರ ಕೊಡುತ್ತಿದ್ದಾನೆ, ಏನು ಕೇಳುತ್ತಿದ್ದಾನೆ, ಏನು ಕಳಿಸಿದ್ದಾನೆ, ಎಲ್ಲಿಂದ ಬರೆದಿದ್ದಾನೆ, ಯಾರ ಹೆಸರು ಬಂದಿದೆ, ಇಷ್ಟು ಗುರುತು ಹಾಕು. ಅನುವಾದ ಆಮೇಲೆ.

ಕಾಗದಗಳ ಅನುಕ್ರಮದಲ್ಲಿ ನೀನು ಎಡವಿದ್ದೀಯ. ಯಾವ ಕಾಗದಕ್ಕೂ ತಾರೀಖಿಲ್ಲ. ಅವು ಈಗ ವ್ಯಾಟಿಕನ್ ಗ್ರಂಥಾಲಯದಲ್ಲಿವೆ, ಅಲ್ಲಿನ ಜೋಡಣೆ ಕಾಲಕ್ರಮದ್ದಲ್ಲ. ಅಚ್ಚಾದ ಪುಸ್ತಕಗಳಲ್ಲೂ ಒಬ್ಬರ ಸಂಖ್ಯೆ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ‘ಮೂರನೆಯ ಕಾಗದ’ ಅಂತ ನೀನು ಬರೆದರೆ ಓದುಗರು ಅದನ್ನು ಮೂರನೆಯದಾಗಿ ಬರೆದದ್ದು ಅಂದುಕೊಳ್ಳುತ್ತಾರೆ. ಸಂಖ್ಯೆ ಬಿಡು, ಒಳಗಿರುವ ವಸ್ತುವಿನಿಂದ ಹೆಸರಿಡು: ಜಿಂಕೆಯ ಕಾಗದ, ಹಡಗಿನ ಕಾಗದ, ಕಡಗದ ಕಾಗದ, ಹೀಗೆ.

ಗಟ್ಟಿಯಾಗಿ ಮೊಳೆ ಹೊಡೆಯಬಹುದಾದವು ಕೆಲವೇ. ‘ಡಾರ್ಲಿಂಗ್’ ಎಂದು ಶುರುವಾಗುವ ಇಂಗ್ಲಿಷ್ ಕಾಗದ 1528ರ ಫೆಬ್ರವರಿಯದು. ರೋಮಿಗೆ ಹೊರಟ ರಾಯಭಾರಿಗಳಾದ ಸ್ಟೀಫನ್ ಗಾರ್ಡಿನರ್ ಮತ್ತು ಎಡ್ವರ್ಡ್ ಫಾಕ್ಸ್ ಅದನ್ನು ಒಯ್ದವರು. ಬೆವರುರೋಗದ ಕಾಗದಗಳು ಅದೇ ವರ್ಷದ ಜೂನಿನವು. ವಿಲ್ಟನ್ ಕನ್ಯಾಮಠದ ಮುಖ್ಯಸ್ಥೆಯ ನೇಮಕದ ವಿಷಯ ಬರುವುದು ಜುಲೈನಲ್ಲಿ. ಪೋಪನ ಪ್ರತಿನಿಧಿ ಕ್ಯಾಂಪೆಜ್ಜೋ ಪ್ಯಾರಿಸ್ ಮುಟ್ಟಿದ ಸುದ್ದಿಯ ಕಾಗದ ಸೆಪ್ಟೆಂಬರಿನದು. ಉಳಿದವು ತೇಲುತ್ತವೆ. ತೇಲುವುದನ್ನು ತೇಲಲು ಬಿಡು. ಇನ್ನೊಂದು ಮಾತು, ಆಗಿನ ಇಂಗ್ಲೆಂಡಿನಲ್ಲಿ ವರ್ಷದ ಸಂಖ್ಯೆ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಜನವರಿಯಿಂದ ಮಾರ್ಚ್ 24ರವರೆಗಿನ ಹಳೆಯ ದಾಖಲೆಯಲ್ಲಿ 1527 ಅಂತ ಇದ್ದರೆ ನಮ್ಮ ಲೆಕ್ಕಕ್ಕೆ ಅದು 1528. ಹೊಸವರ್ಷದ ಉಡುಗೊರೆ ಮಾತ್ರ ಆಗಲೂ ಜನವರಿ 1ಕ್ಕೇ ಕೊಡುತ್ತಿದ್ದರು. ಈ ಎರಡು ಲೆಕ್ಕ ಕಲಸಿಕೊಂಡೇ ನಿನ್ನ ಕಾಲಪಟ್ಟಿಯಲ್ಲಿ ಒಂದು ಇಡೀ ವರ್ಷ ಹಿಂದೆಮುಂದಾಗಿದೆ.

ಈಗ ಪದಗಳಿಗೆ ಬರುತ್ತೇನೆ. ಫ್ರೆಂಚ್ ಕಾಗದಗಳಲ್ಲಿ ಹೆನ್ರಿ ಆಕೆಯನ್ನು ಕರೆಯುವುದು ‘ವೂ’ ಅಂತ, ಅಂದರೆ ನೀವು. ನೀನು ಮಾಡಿರುವ ‘ನೀನು’ ಓದಲು ಹಿತವಾಗಿದೆ, ಸಿನಿಮಾ ಹಾಡಿನ ಹಾಗೆ ಹತ್ತಿರವೂ ಇದೆ. ಆದರೆ ದೇಶ ಆಳುವ ಮೂವತ್ತಾರು ವರ್ಷದ ರಾಜ, ತನ್ನ ಹೆಂಡತಿಯ ಓಲಗದಲ್ಲಿ ಊಳಿಗಕ್ಕಿರುವ ಹೆಣ್ಣಿಗೆ ಬಹುವಚನ ಹಾಕಿ ಬರೆಯುತ್ತಿದ್ದಾನೆ ಅನ್ನುವುದೇ ಅಲ್ಲಿ ನಡೆಯುತ್ತಿರುವ ಆಟ. ‘ನೀವು’ ಇಡು, ಕೊನೆಯ ಕಾಗದದವರೆಗೂ ಅದನ್ನೇ ಇಡು.

‘ಮೆತ್ರೆಸ್’ ಪದ ಇನ್ನೂ ಕಠಿಣ. ಫ್ರೆಂಚ್ ಓಲಗದ ಪ್ರೇಮದ ಪರಿಭಾಷೆಯಲ್ಲಿ ಅದು ಗಂಡಸನ್ನು ಆಳುವವಳು. ಅವನು ಆಕೆಯ ‘ಸೆರ್ವಿತರ್’. ಇದಕ್ಕೆ ನಮ್ಮ ‘ಒಡತಿ’ ಸರಿಯಾಗಿ ಕೂರುತ್ತದೆ, ಅವನಿಗೆ ‘ಆಳು’ ಅನ್ನು. ‘ದಾಸ’ ಅಂದರೆ ತಂಬೂರಿ ಕೇಳಿಸಲು ಶುರುವಾಗುತ್ತದೆ. ಆದರೆ ಅದೇ ಪದಕ್ಕೆ ಇಟ್ಟುಕೊಂಡವಳು ಎಂಬ ಅರ್ಥವೂ ಇದೆ, ಹೆನ್ರಿ ಎರಡರ ನಡುವೆ ಬೇಕೆಂದೇ ಜಾರುತ್ತಾನೆ. ಒಂದು ವರ್ಷಕ್ಕೂ ಮೇಲೆ ಪ್ರೇಮದ ಬಾಣ ನಾಟಿಸಿಕೊಂಡಿದ್ದೇನೆ, ನಿಮ್ಮ ಮನಸ್ಸಿನಲ್ಲಿ ಜಾಗವಿದೆಯೋ ಇಲ್ಲವೋ ತಿಳಿಯದು ಅನ್ನುವ ಕಾಗದದಲ್ಲಿ ಅವನು ಮುಂದಿಡುವುದು ಇದು: ನೀವು ಮೈಮನಸ್ಸು ಕೊಟ್ಟರೆ ನಿಮ್ಮೊಬ್ಬರನ್ನೇ ಮೆತ್ರೆಸ್ ಮಾಡಿಕೊಳ್ಳುತ್ತೇನೆ, ಉಳಿದವರನ್ನೆಲ್ಲ ಮನಸ್ಸಿನಿಂದ ಹೊರಹಾಕುತ್ತೇನೆ. ಇಲ್ಲಿ ‘ಒಡತಿ’ ಅಂತಲೇ ಬಿಟ್ಟರೆ ಅವನ ಪ್ರಸ್ತಾಪದ ಕೊಳೆ ತೊಳೆದು ಕೊಟ್ಟಂತಾಗುತ್ತದೆ, ‘ಉಪಪತ್ನಿ’ ಅಂದರೆ ಅವನು ಹಚ್ಚಿದ ಬಣ್ಣ ಕೆರೆದಂತಾಗುತ್ತದೆ. ‘ಒಡತಿ’ ಇಟ್ಟು, ಕಾಗದದ ಕೆಳಗೆ ಎರಡು ಸಾಲಿನ ಟಿಪ್ಪಣಿ ಹಾಕು. ಅದೇ ಕಾಗದದ ಕೊನೆಯಲ್ಲಿ, ಬರೆದು ಉತ್ತರಿಸಲು ಇಷ್ಟವಿಲ್ಲದಿದ್ದರೆ ಒಂದು ಜಾಗ ಹೇಳಿ, ಬಂದು ಬಾಯಿಂದಲೇ ಕೇಳುತ್ತೇನೆ ಅನ್ನುತ್ತಾನೆ. ಆಕೆ ಬರೆಯದೆ ಇರಬಹುದು ಅನ್ನುವ ಅಂದಾಜು ಅವನಿಗಿತ್ತು, ನೋಡು.

ಆಕೆಯ ಹಿಂಜರಿಕೆ ಎಲ್ಲಿದೆ ಅಂತ ಕೇಳಿದ್ದೀಯ. ಜಿಂಕೆಯ ಕಾಗದ ತೆಗೆ. ಕಳೆದ ಸಲ ಭೇಟಿಯಾದಾಗ ಕೊಟ್ಟ ಮಾತು ನೀವು ನೆನಪಿಟ್ಟುಕೊಳ್ಳಲಿಲ್ಲ, ನನ್ನ ಹಿಂದಿನ ಕಾಗದಕ್ಕೆ ಉತ್ತರವೂ ಬರಲಿಲ್ಲ ಎಂಬ ದೂರಿನಿಂದಲೇ ಅದು ಶುರು. ಆದರೂ ಒಡತಿಯ ಆರೋಗ್ಯ ವಿಚಾರಿಸುವುದು ನಿಜವಾದ ಆಳಿನ ಕೆಲಸ ಅಂತ ಸಮಾಧಾನ ಮಾಡಿಕೊಂಡು, ನಿನ್ನೆ ರಾತ್ರಿ ಬಹಳ ಹೊತ್ತಾದ ಮೇಲೆ ನನ್ನ ಕೈಯಾರೆ ಹೊಡೆದ ಗಂಡು ಜಿಂಕೆ ಕಳಿಸಿದ್ದೇನೆ, ತಿನ್ನುವಾಗ ಬೇಟೆಗಾರನ ನೆನಪಾಗಲಿ ಅನ್ನುತ್ತಾನೆ. ಕೊಬ್ಬಿದ ಗಂಡು ಜಿಂಕೆಯ ಬೇಟೆ ಅಲ್ಲಿ ಬೇಸಿಗೆಯದು, ಆದ್ದರಿಂದ ಋತುವಿನ ಸುಳಿವೂ ಸಿಗುತ್ತದೆ. ಕೊನೆಗೆ, ನಿಮ್ಮ ಸಹೋದರನ ಜಾಗದಲ್ಲಿ ನೀವೇ ಇದ್ದಿದ್ದರೆ ಅಂತ ಆಗಾಗ ಅನಿಸುತ್ತದೆ ಅನ್ನುತ್ತಾನೆ. ಜಾರ್ಜ್ ಬೊಲಿನ್ ಓಲಗದಲ್ಲಿದ್ದ, ಆಕೆ ಅಲ್ಲಿರಲಿಲ್ಲ. ಆತ ಅಣ್ಣನೋ ತಮ್ಮನೋ ಎನ್ನುವುದು ಇನ್ನೂ ವಾದದಲ್ಲಿದೆ, ಏಕೆಂದರೆ ಆ್ಯನ್ ಹುಟ್ಟಿದ್ದು 1501ರಲ್ಲಿ ಅನ್ನುವವರೂ ಇದ್ದಾರೆ, 1507 ಅನ್ನುವವರೂ ಇದ್ದಾರೆ. ಆಡುಗನ್ನಡದಲ್ಲಿ ಅಣ್ಣ ಅಥವಾ ತಮ್ಮ ಅನ್ನದೆ ವಿಧಿಯಿಲ್ಲ. ‘ಸಹೋದರ’ ಅಂದು ತಪ್ಪಿಸಿಕೊ.

ಇನ್ನೊಂದು ಕಾಗದದಲ್ಲಿ ಅಸಮಾಧಾನ ಇನ್ನೂ ಬಿಚ್ಚಿಕೊಂಡಿದೆ. ನಾನು ಬಿಟ್ಟು ಬಂದಾಗ ಇದ್ದ ನಿಮ್ಮ ಅಭಿಪ್ರಾಯ ಪೂರ್ತಿ ಬದಲಾಗಿದೆಯಂತೆ, ತಾಯಿಯ ಜೊತೆಗಾಗಲಿ ಬೇರೆ ಯಾವ ರೀತಿಯಲ್ಲಾಗಲಿ ಓಲಗಕ್ಕೆ ಬರುವುದಿಲ್ಲವಂತೆ ಅಂತ ಕೇಳಿ ಬೆರಗಾಗಿದ್ದಾನೆ. ಇದು ನೀವಾಗಿಯೇ ಮಾಡಿದ್ದು ಅಂತ ಖಚಿತವಾದರೆ ನನ್ನ ಹಣೆಬರಹ ಅಂದುಕೊಂಡು ಈ ಹುಚ್ಚನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಆಕೆಯ ‘ಇಲ್ಲ’ ಮಾತಿನಲ್ಲಿ ಬಂದದ್ದಲ್ಲ, ಲಂಡನ್ನಿನಿಂದ ಮೂವತ್ತು ಮೈಲಿ ದೂರದ ಕೆಂಟ್ ಪ್ರಾಂತ್ಯದ ಹೀವರ್ ಮನೆಯಿಂದ ಕದಲದೆ ಕೂತದ್ದರಲ್ಲಿ ಬಂತು. ಅದನ್ನು ನಾಚಿಕೆ ಅನ್ನುತ್ತೀಯೋ ಹಟ ಅನ್ನುತ್ತೀಯೋ ಭಯ ಅನ್ನುತ್ತೀಯೋ, ಆ ಪದ ಓದುಗರ ಪಾಲಿಗಿರಲಿ. ನಿನ್ನ ಟಿಪ್ಪಣಿಯಲ್ಲಿ ಸುತ್ತಲಿನ ಸಂಗತಿ ಕೊಡು: ಆಕೆಯ ಅಕ್ಕನೋ ತಂಗಿಯೋ ಆದ ಮೇರಿ ಅದಾಗಲೇ ಹೆನ್ರಿಯ ಹಾಸಿಗೆ ಹಂಚಿಕೊಂಡು ಬದಿಗೆ ಸರಿದಾಗಿತ್ತು. ಅದಕ್ಕೂ ಮೊದಲಿನ ಎಲಿಜಬೆತ್ ಬ್ಲೌಂಟಳಿಗೆ ಹುಟ್ಟಿದ ಗಂಡುಮಗ 1525ರಲ್ಲಿ ರಿಚ್‌ಮಂಡಿನ ಡ್ಯೂಕ್ ಆದ, ಆಕೆಯನ್ನು ಮಾತ್ರ ಬೇರೊಬ್ಬನಿಗೆ ಮದುವೆ ಮಾಡಿ ಕಳಿಸಿದ್ದರು. ಆ್ಯನ್‌ಗೂ ಹೆನ್ರಿ ಪರ್ಸಿ ಎಂಬ ದೊಡ್ಡ ಮನೆತನದ ತರುಣನಿಗೂ ಕುದುರುತ್ತಿದ್ದ ಸಂಬಂಧ ರಾಜನ ಮುಖ್ಯ ಸಚಿವ ಕಾರ್ಡಿನಲ್ ವೂಲ್ಸಿಯ ಕೈಯಲ್ಲಿ ಮುರಿದಿತ್ತು. ಇಷ್ಟು ಕಣ್ಣಮುಂದೆ ಇದ್ದವಳು ಓಡಿ ಬರದಿದ್ದರೆ ಅದಕ್ಕೆ ಬಲೆಯ ಉಪಮೆ ಬೇಕಿಲ್ಲ.

ಹಡಗಿನ ಕಾಗದದಲ್ಲಿ ಗಾಳಿ ತಿರುಗುತ್ತದೆ. ಆಕೆಯೇ ಒಂದು ಒಡವೆ ಕಳಿಸಿದ್ದಾಳೆ: ಅಲೆಗೆ ಸಿಕ್ಕಿ ಹೊಯ್ದಾಡುವ ಹಡಗು, ಒಳಗೆ ಒಂಟಿ ಹೆಣ್ಣು, ಜೊತೆಗೊಂದು ಒಳ್ಳೆಯ ವಜ್ರ. ಹೆನ್ರಿ ಅದನ್ನು ‘ಎತ್ರೆನ್’ ಅನ್ನುತ್ತಾನೆ, ಹೊಸವರ್ಷದ ಕಾಣಿಕೆ. ಒಡವೆಗಿಂತ ಅದರ ಜೊತೆ ಬಂದ ಅರ್ಥವಿವರಣೆ ಮತ್ತು ವಿನಯಕ್ಕೆ ಹೆಚ್ಚು ಕೃತಜ್ಞತೆ ಹೇಳುತ್ತಾನೆ. ಆ ವಿವರಣೆ ನಮಗೆ ಸಿಕ್ಕಿಲ್ಲ. ‘ನಡುನೀರಿನಲ್ಲಿ ಕೈಬಿಡಬೇಡಿ’ ಅಂತ ನೀನು ಆಕೆಯ ಬಾಯಿಗೆ ಹಾಕಿದ್ದು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಅದಕ್ಕೇ ಅದನ್ನು ತೆಗೆಯಬೇಕು. ನುಡಿಗಟ್ಟು ನಮ್ಮದು, ಓದುಗರು ಅದು ಆಕೆಯದೆಂದು ನಂಬಿಬಿಡುತ್ತಾರೆ. ಅವನ ಉತ್ತರದಲ್ಲಿರುವ ಲ್ಯಾಟಿನ್ ಧ್ಯೇಯವಾಕ್ಯ ‘ಔತ್ ಇಲ್ಲಿಕ್ ಔತ್ ನುಲ್ಲಿಬಿ’ಗೆ ‘ಅಲ್ಲಿ, ಇಲ್ಲವೇ ಎಲ್ಲೂ ಇಲ್ಲ’ ಅಂದರೆ ಸಾಕು, ಉದ್ದ ಮಾಡಬೇಡ.

ಮದುವೆಯ ಮಾತು ಬರುವಲ್ಲಿ ‘ವಿಚ್ಛೇದನ’ ಅಂತ ಆರು ಕಡೆ ಬರೆದಿದ್ದೀಯ. ಆರನ್ನೂ ತಿದ್ದು. ಅವನು ಕೇಳಿದ್ದು ಆದ ಮದುವೆಯನ್ನು ಮುರಿಯಲು ಅಲ್ಲ. ಅದು ಆಗಲೇ ಇಲ್ಲ, ಅಸಿಂಧು ಅಂತ ಪೋಪ್ ಸಾರಲಿ ಎಂದು. ಅವನ ರಾಣಿ ಕ್ಯಾಥರೀನ್ ಮೊದಲು ಅವನ ಅಣ್ಣ ಆರ್ಥರನ ಹೆಂಡತಿ. ಅಣ್ಣನ ಹೆಂಡತಿಯನ್ನು ಕೂಡಿದವರಿಗೆ ಮಕ್ಕಳಾಗದು ಎಂಬ ಲೆವಿಟಿಕಸ್ ವಚನದ ಮೇಲೆ ಅವನ ವಾದ. 1527ರ ಮೇ 17ಕ್ಕೆ ವೂಲ್ಸಿ ಗುಟ್ಟಾಗಿ ವಿಚಾರಣೆ ಆರಂಭಿಸಿದ. ಅದೇ ತಿಂಗಳ 6ಕ್ಕೆ ಚಕ್ರವರ್ತಿ ಐದನೇ ಚಾರ್ಲ್ಸನ ಸೈನ್ಯ ರೋಮ್ ಸೂರೆಮಾಡಿ ಪೋಪನನ್ನು ಮೂಲೆಗೆ ಒತ್ತಿತ್ತು. ಚಾರ್ಲ್ಸ್ ಕ್ಯಾಥರೀನಳ ಅಕ್ಕನ ಮಗ. ಕೆಲಸ ಆರು ವರ್ಷ ಎಳೆಯಲು ಆ್ಯನಳ ಬಿಂಕ ಕಾರಣ ಅನ್ನುವವರಿಗೆ ಈ ಸಂಬಂಧ ತೋರಿಸು.

ಬೆವರುರೋಗದ ಕಾಗದಗಳನ್ನು ಒಟ್ಟಿಗೆ ಇಡು. ಬಂದರೆ ಒಂದೇ ದಿನದೊಳಗೆ ಜೀವ ತೆಗೆಯುತ್ತಿದ್ದ ಕಾಯಿಲೆ ಅದು. 1528ರ ಜೂನಿನಲ್ಲಿ ಆಕೆಯ ದಾಸಿಗೆ ಬಂತು, ಹೆನ್ರಿ ತಕ್ಷಣ ಜಾಗ ಖಾಲಿ ಮಾಡಿದ. ಈ ರೋಗ ಹೆಂಗಸರಿಗೆ ಬರುವುದು ಅಪರೂಪ ಅಂತ ಆಕೆಗೆ ಧೈರ್ಯ ಹೇಳಿ ಬರೆದ. ಆಮೇಲೆ ಆಕೆಗೇ ಬಂತು. ನಡುರಾತ್ರಿ ಸುದ್ದಿ ತಲುಪಿದಾಗ, ನಿಮ್ಮ ಕಾಯಿಲೆಯ ಅರ್ಧ ನಾನು ಹೊರುತ್ತೇನೆ ಅಂದ, ನಂಬಿಕೆಯ ವೈದ್ಯ ಊರಲ್ಲಿಲ್ಲವೆಂದು ಎರಡನೆಯವನನ್ನು ಕಳಿಸಿದ, ತಾನು ಹೋಗಲಿಲ್ಲ. ಇದನ್ನು ವ್ಯಂಗ್ಯವಾಗಿ ಅನುವಾದಿಸಬೇಡ. ಪಕ್ಕದಲ್ಲಿ ತಾರೀಖು ಇಟ್ಟರೆ ಸಾಕು, ಓದುಗರಿಗೆ ಕಣ್ಣಿದೆ.

1528ರ ಇಂಗ್ಲಿಷ್ ಕಾಗದಗಳಲ್ಲಿ ಸಲಿಗೆ ಬೇರೆ. ಒಂದರಲ್ಲಿ, ತನ್ನ ವಾದದ ಪುಸ್ತಕದ ಮೇಲೆ ಇವತ್ತು ನಾಲ್ಕು ಗಂಟೆಗೂ ಹೆಚ್ಚು ಕೂತು ತಲೆನೋವು ಬಂದಿದೆ, ಅದಕ್ಕೇ ಕಾಗದ ಚಿಕ್ಕದು ಅನ್ನುತ್ತಾನೆ. ಅದೇ ಉಸಿರಿಗೆ, ಆಕೆಯ ಮೊಲೆಗಳಿಗೆ ಬೇಗ ಮುತ್ತಿಡುವ ಆಸೆ ಬರೆಯುತ್ತಾನೆ. ನೀನು ಅಲ್ಲಿ ‘ಕೆನ್ನೆ’ ಮಾಡಿದ್ದೀಯ! ಮೂಲದ್ದು ಆಡುಮಾತಿನ ಪದ, ಆಡುಮಾತಿನಲ್ಲೇ ಇಡು. ಇನ್ನೊಂದರಲ್ಲಿ ಜಿಂಕೆಮಾಂಸ ಕಳಿಸಿ, ಹೆನ್ರಿಗೆ ಬದಲಾಗಿ ಹಾರ್ಟ್ ಅನ್ನುತ್ತಾನೆ. ಹಾರ್ಟ್ ಅಂದರೆ ಗಂಡು ಕೆಂಜಿಂಕೆ. ಅದೃಷ್ಟಕ್ಕೆ ಕನ್ನಡದಲ್ಲೂ ಎರಡೂ ‘ಹ’ದಿಂದಲೇ ಶುರು, ಹೃದಯವೂ ಸೇರಿ.

ಟಿಪ್ಪಣಿಗೆ ಯಾರನ್ನು ನಂಬಬೇಕು ಅಂದರೆ, ಶಾಪ್ವಿ ಎಂಬ ಚಕ್ರವರ್ತಿಯ ರಾಯಭಾರಿ ಇಂಗ್ಲೆಂಡಿಗೆ ಬಂದದ್ದೇ 1529ರಲ್ಲಿ. ಈ ಕಾಗದಗಳ ಕಾಲಕ್ಕೆ ಅವನು ಸಾಕ್ಷಿಯಲ್ಲ. ಪರ್ಸಿಯ ಕಥೆ ಹೇಳುವ ಕ್ಯಾವೆಂಡಿಶ್ ವೂಲ್ಸಿಯ ಮನೆಯಲ್ಲೇ ಇದ್ದವನು, ಆದರೆ ಬರೆದದ್ದು 1550ರ ದಶಕದಲ್ಲಿ, ಒಡೆಯನ ಪತನದ ಕಹಿ ಇಟ್ಟುಕೊಂಡು. ಆಕೆಗೆ ಆರನೇ ಬೆರಳಿತ್ತು ಅನ್ನುವ ಕಥೆ ಸ್ಯಾಂಡರ್ ಎಂಬ ಕ್ಯಾಥೊಲಿಕ್ ಲೇಖಕನದು, 1585ರಲ್ಲಿ ಅಚ್ಚಾದದ್ದು, ಬಿಟ್ಟುಬಿಡು. ಆಕೆಯ ತಲೆ ತೆಗೆದ 1536ರ ಮೇ 19ರ ಕತ್ತಿಯನ್ನೂ ಟಿಪ್ಪಣಿಗಳಿಂದ ದೂರ ಇಡು. ಈ ಕಾಗದಗಳನ್ನು ಬರೆದವನಿಗಾಗಲಿ ಓದಿದವಳಿಗಾಗಲಿ ಅದು ಗೊತ್ತಿರಲಿಲ್ಲ.

ಕಡೆಗೆ ಸಹಿ. ಬರವಣಿಗೆ ಅಂದರೆ ಬೇಸರ, ತ್ರಾಸ ಅಂತ ವೂಲ್ಸಿಗೆ ತಾನೇ ಬರೆದುಕೊಂಡಿದ್ದ ರಾಜ ಇವನ್ನು ಸ್ವಂತ ಕೈಯಿಂದ ಬರೆದ. ಕೆಲವು ಫ್ರೆಂಚ್ ಕಾಗದಗಳ ಕೆಳಗೆ ಎಡಕ್ಕೆ ಹೆಚ್, ಬಲಕ್ಕೆ ರೆಕ್ಸ್ (ಲ್ಯಾಟಿನ್ನಿನಲ್ಲಿ ರಾಜ) ಅನ್ನುವುದರ ಆರ್, ನಡುವೆ ಹೃದಯದ ಚಿತ್ರದೊಳಗೆ ಆಕೆಯ ಮೊದಲಕ್ಷರಗಳು, ಅವುಗಳ ಆಚೀಚೆ ‘ಬೇರೊಬ್ಬಳನ್ನು ಹುಡುಕುವುದಿಲ್ಲ’ ಅನ್ನುವ ಫ್ರೆಂಚ್ ಮಾತು. ನೀನು ಇದನ್ನು ‘ಇತಿ ಹೆನ್ರಿ’ ಅಂತ ಮುಗಿಸಿದ್ದೀಯ. ಚಿತ್ರವನ್ನು ಚಿತ್ರವಾಗಿಯೇ ಅಚ್ಚು ಹಾಕಿಸು, ಅದರ ಕೆಳಗೆ ಕನ್ನಡದಲ್ಲಿ ಹೀಗೆ ಬರೆಯಬಹುದು: ‘ಹೆನ್ರಿ ಬೇರೊಬ್ಬಳನ್ನು ಅರಸನು’. ಹುಡುಕುವುದಿಲ್ಲ ಅನ್ನುವುದೂ ರಾಜ ಅನ್ನುವುದೂ ಒಂದೇ ಪದದಲ್ಲಿ ಬಂತು, ಕೊನೆಯ ಆರ್ ಅಕ್ಷರದ ಲೆಕ್ಕವೂ ತೀರಿತು. ಒಂದು ಸಲ ಮಾತ್ರ ಬಳಸು, ಎಲ್ಲ ಕಾಗದಕ್ಕೂ ಹಾಕಿದರೆ ಸವೆದು ಹೋಗುತ್ತದೆ.

ಕಡಗದ ಕಾಗದ ಇನ್ನೂ ನೀನು ಕಳಿಸಿಲ್ಲ. ಸೂರ್ಯ ದೂರ ಹೋದಷ್ಟೂ ಬಿಸಿಲು ಏರುತ್ತದೆ ಅನ್ನುವ ಆ ಖಗೋಳದ ಸಾಲು ತಿಣುಕಿಸುತ್ತದೆ. ಅವನ ಲೆಕ್ಕವನ್ನು ತಿದ್ದಲು ಹೋಗದೆ ಇದ್ದ ಹಾಗೆ ಅನುವಾದಿಸಿ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ